ಟೋಪಿಯಲ್ಲಿ ತುಂಬಿದ ತಿಂಗಳು

ಜಿಪಾರಳ ಅಪ್ಪಾ,

ರೊಟ್ಟಿಯ ಹಿಟ್ಟು ನಾದುವುದು ಅರ್ಧಕ್ಕೇ ನಿಂತಿತು. ಮುಚ್ಚಿಟ್ಟಿದ್ದೇನೆ, ಒಣಗಲು ಬಿಡಬೇಡಿ. ಚಹಾ ಒಲೆಯ ಮೇಲಿದೆ.

ಇವತ್ತು ನರೀನ್ ಪೇಟೆಗೆ ಹೋದಾಗ ಡಾಕ್ಟರನ್ನು ಕಂಡೇ ಬನ್ನಿ. ಹೋದ ವಾರ ಮಗಳ ರಕ್ತದೊತ್ತಡ ನೋಡಿ, "ಈ ವಯಸ್ಸಿಗೇ ಇಷ್ಟಾ? ತಿಂಗಳು ತುಂಬೋ ಮೊದ್ಲೇ ಹುಟ್ಟಿದ್ಲಾ? ಹಾಗಿದ್ರೆ ಕಿಡ್ನಿನೂ ನೋಡ್ಬೇಕು" ಎಂದರು. ನಾನು, "ಇಲ್ಲ, ಒಂಬತ್ತು ತುಂಬಿತ್ತು" ಎಂದುಬಿಟ್ಟೆ.

ಏಳರಲ್ಲೇ ಹುಟ್ಟಿದವಳನ್ನು ನಿಮ್ಮಮ್ಮ ತುಪ್ಪಳದ ಟೋಪಿಯಲ್ಲಿ ಮಲಗಿಸಿ, ಗುಡಾರದ ಜಾಲರಿ ಗೋಡೆಗೆ ತೂಗುಹಾಕಿ, ಕಮ್ಮಿಬಿದ್ದ ತಿಂಗಳು ತುಂಬಲೆಂದು ದಿನಕ್ಕೊಂದು ಕೋಲಿನ ತುದಿಗೆ ಬದಲಿಸುತ್ತಿದ್ದರಲ್ಲ, ಕೊನೆಗೆ ಇಳಿಸಿಕೊಂಡು, "ಈಗ ಒಂಬತ್ತಾಯ್ತು. ಇನ್ಮೇಲೆ ಯಾರಾದ್ರೂ ಇವಳನ್ನ ಅರೆಬೆಂದೋಳು ಅಂದ್ರೆ ನಾಲಿಗೆ ಕೀಳ್ತೀನಿ" ಎಂದಿದ್ದರು. ನನ್ನ ಬಾಯಿಗೂ ಅದೇ ಲೆಕ್ಕ ಬಂತು.

ಡಾಕ್ಟರು ನಂಬಿದರು. ಪರೀಕ್ಷೆ ಬಿಟ್ಟರು. "ಉಪ್ಪು ಕಮ್ಮಿ ಮಾಡಮ್ಮ, ನಾಲಿಗೆ ಚಪಲ" ಎಂದು ಅವಳನ್ನೇ ಗದರಿದರು. ಪಾಪ, ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು; ಸುಳ್ಳು ಹೇಳಿದ ನಾನು ಪಕ್ಕದಲ್ಲೇ ಕೂತಿದ್ದೆ.

ಡಾಕ್ಟರಿಗೆ ನಿಜ ಹೇಳಿ, ಕಿಡ್ನಿ ಪರೀಕ್ಷೆಗೆ ದಿನ ಕೇಳಿ ಬನ್ನಿ. ಮಗಳಿಗೆ ನಾನೇ ಹೇಳುತ್ತೇನೆ. ಕುದುರೆಗಳ ಹಾಲು ಕರೆಯಲು ಅವಳನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ವಾರದಿಂದ ನನ್ನ ಮುಖವನ್ನೇ ನೋಡುತ್ತಿದ್ದವಳು ಇವತ್ತು ಬೆಳಿಗ್ಗೆ ಬಾಯಿಬಿಟ್ಟು ಕೇಳಿದಳು:

"ಅಮ್ಮಾ, ನಿನ್ನ ಹೊಟ್ಟೇಲಿ ನಾನು ಎಷ್ಟು ತಿಂಗಳಿದ್ದೆ?"