ಸಂಕಪ್ಪಣ್ಣ ತಂದ ತೊಗಟೆ

೧೯-೬-೮೩, ಭಾನುವಾರ

ಇಗರ್ಜಿಯಲ್ಲಿ ಏಳರ ಪೂಜೆ ಮುಗಿಸಿ ಬಂದು ಎರಡು ಯೂನಿಫಾರ್ಮ್ ಇಸ್ತ್ರಿ ಹಾಕಿದೆ. ಮೂರನೆಯದು ಒಣಗಿಲ್ಲ. ನಾಳೆಯಿಂದ ಮೆಡಿಕಲ್ ವಾರ್ಡ್, ಬೆಳಗಿನ ಶಿಫ್ಟ್.

ಗೇಟಿನ ಹತ್ತಿರ ಸಂಕಪ್ಪಣ್ಣ ಸಿಕ್ಕಿದರು. ಹಂಚಿನ ಕಾರ್ಖಾನೆ ಬಿಟ್ಟು ಹತ್ತು ವರ್ಷ. ಹಂಚು ಹೊತ್ತ ಬೆನ್ನು ಈಗಲೂ ಬಾಗಿಯೇ ಇದೆ. "ಗೆರ್ಟ್ರೂಡ್ ಬಾಯಿ, ಸೌಖ್ಯವಾ?" ಎಂದರು. ಅಮ್ಮನ ಹೆಸರು! ಅಮ್ಮ ಹೋಗಿ ಎರಡು ವರ್ಷ ಆಯಿತು. ನಾನು ಹೆಲನ್ ಎಂದು ತಿದ್ದಲಿಲ್ಲ. "ಸೌಖ್ಯ ಸಂಕಪ್ಪಣ್ಣ" ಎಂದೆ. ಅಷ್ಟು ಹೋಲುತ್ತೇನಾ? ಇಡೀ ದಿನ ಖುಷಿ.

೭-೮-೮೩, ಭಾನುವಾರ

ನಾಳೆ ಆಟಿ ಅಮಾವಾಸ್ಯೆ, ವರ್ಷವಿಡೀ ರೋಗ ಬಾರದಿರಲಿ ಎಂದು ಬರಿಹೊಟ್ಟೆಗೆ ಪಾಲೆಯ ಕಹಿ ಕಷಾಯ ಕುಡಿಯುವ ದಿನ. ಸಂಕಪ್ಪಣ್ಣ ಸೂರ್ಯ ಹುಟ್ಟುವ ಮೊದಲೇ ಹೋಗಿ ಪಾಲೆ ಮರದ ಕೆತ್ತೆ ತರುತ್ತಾರೆ. ಕೆತ್ತೆಯನ್ನು, ಅಂದರೆ ತೊಗಟೆಯನ್ನು, ಕಲ್ಲಿನಿಂದಲೇ ಜಜ್ಜಿ ಎಬ್ಬಿಸಬೇಕು, ಕಬ್ಬಿಣ ಮುಟ್ಟಿಸಬಾರದು. ಕುದ್ರೋಳಿಯ ನಮ್ಮ ಓಣಿಯ ಎಂಟು ಮನೆಗೂ ಪಾಲು ಉಂಟು. ಕ್ರಿಸ್ತುವರ ಮನೆ ಎಂದು ನಮ್ಮದನ್ನು ಒಂದು ವರ್ಷವೂ ಬಿಟ್ಟವರಲ್ಲ.

ಅಮ್ಮ ಅದನ್ನು ಬೆಳ್ಳುಳ್ಳಿ, ಕರಿಮೆಣಸು, ಓಮ ಹಾಕಿ ಅರೆದು ರಸ ಹಿಂಡುತ್ತಿದ್ದಳು. ಕೆಂಡದಲ್ಲಿ ಕಾದ ಬಿಳಿ ಕಲ್ಲನ್ನು ಅದಕ್ಕೆ ಹಾಕಿದರೆ ಚೊಯ್ ಎಂಬ ಸದ್ದು, ಮನೆಯಿಡೀ ಆ ವಾಸನೆ. ಶಿಲುಬೆಯ ಗುರುತು ಮಾಡಿ ಒಂದೇ ಗುಟುಕಿಗೆ ಕುಡಿಯುತ್ತಿದ್ದಳು. "ಪಾದ್ರಿಗಳ ಹತ್ತಿರ ಹೇಳಬೇಡಿ" ಎಂದು ನಮಗೆ ತಾಕೀತು. ತಮ್ಮ ನೊರ್ಬರ್ಟ್ ಮಂಚದಡಿ ಅಡಗುತ್ತಿದ್ದ, ಕಾಲು ಹಿಡಿದು ಎಳೆಯಬೇಕು. ಈಗ ಕುವೈತಿನಲ್ಲಿದ್ದಾನೆ. ಹೋದ ಕಾಗದದಲ್ಲಿ ಬರೆದಿದ್ದ — ಆ ಕಹಿ ಸಿಗುವುದಾದರೆ ಒಂದು ಲೋಟ ಕುಡಿಯುತ್ತಿದ್ದೆ ಅಂತ. ಕುಡಿದ ಮೇಲೆ ಹೊಟ್ಟೆ ತಂಪಾಗಲು ಮೆಂತೆ ಗಂಜಿ. ಬೆಲ್ಲ, ತೆಂಗಿನ ಹಾಲು...

ನರ್ಸಿಂಗಿಗೆ ಸೇರಿದ ಮೇಲೆ ಇದನ್ನೆಲ್ಲ ಹೇಳಲು ನಾಚಿಕೆಯಾಗುತ್ತಿತ್ತು. ಹಾಸ್ಟೆಲಿನಲ್ಲಿ ಒಬ್ಬರ ಹತ್ತಿರವೂ ಹೇಳಿದ್ದಿಲ್ಲ. ಅಮ್ಮ ಹೋದ ಮೇಲೆ ಕುಡಿದದ್ದೂ ಇಲ್ಲ. ಈ ಸಲ ಕುಡಿಯಬೇಕು.

೮-೮-೮೩, ಸೋಮವಾರ. ಸಂಜೆ



ಬೆಳಿಗ್ಗೆ ಏಳುವಾಗ ಕಿಟಕಿಯಲ್ಲಿ ನನ್ನ ಪಾಲಿನ ಕೆತ್ತೆ ಇತ್ತು. ಡ್ಯೂಟಿಗೆ ಹೊತ್ತಾಯಿತು, ಸಂಜೆ ನೋಡುವ ಎಂದು ಹೊರಟೆ.

ಒಂಬತ್ತೂವರೆಗೆ ಟ್ಯಾಕ್ಸಿಯಲ್ಲಿ ನಿತ್ಯಾನಂದರನ್ನು ತಂದರು. ನಮ್ಮ ಓಣಿಯವರೇ, ಬ್ಯಾಂಕಿನಲ್ಲಿ ಕ್ಲರ್ಕ್. ಮೈ ಬಿಲ್ಲಿನ ಹಾಗೆ ಸೆಟೆದಿತ್ತು, ಹಲ್ಲು ಕಚ್ಚಿತ್ತು. ಆದರೆ ಪ್ರಜ್ಞೆ ಪೂರ್ತಿ ಇದೆ, ಕಣ್ಣು ನನ್ನನ್ನೇ ನೋಡುತ್ತಿದೆ. ಟ್ರೇ ಇಟ್ಟ ಸದ್ದಿಗೇ ಮತ್ತೊಮ್ಮೆ ಸೆಟೆದರು.

"ಟೆಟನಸ್. ಗಾಯ ಹುಡುಕಿ" ಎಂದರು ಡಾ. ಒಸ್ವಾಲ್ಡ್. ಎಲ್ಲಿಯೂ ಗಾಯ ಇಲ್ಲ.

ಹೆಂಡತಿ ಕುಶಲಾಳನ್ನು ಕೇಳಿದರು, "ಬೆಳಿಗ್ಗೆ ಏನು ತಿಂದರು?"

"ಎಂತ ಇಲ್ಲ ಡಾಕ್ಟ್ರೆ. ಮೆಂತೆ ಗಂಜಿ ಮಾತ್ರ."

ಮೆಂತೆ ಗಂಜಿ! ಡಾಕ್ಟರು ಬೆಂಗಳೂರಿನಲ್ಲಿ ಬೆಳೆದವರು, ಅವರಿಗೆ ಅದು ಬರೀ ಗಂಜಿ. ಕುಶಲಾಳ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದೆ. ತುಳುವಿನಲ್ಲೇ ಕೇಳಿದೆ, ಕೆತ್ತೆ ಕುಡಿದದ್ದು ಹೌದಾ ಅಂತ. ಅಳಲು ಶುರು.

"ಡಾಕ್ಟರ ಹತ್ತಿರ ಹೇಳ್ಬೇಡಿ ಹೆಲನ್ ಬಾಯಿ. ಹೋದ ಸಲ ಅತ್ತೆಗೆ ಕಾಮಾಲೆಗೆ ಹಳ್ಳಿಮದ್ದು ಮಾಡಿದ್ದು ಅಂತ ಹೇಳಿದ್ದಕ್ಕೆ ವಾರ್ಡಿನವರೆಲ್ಲ ಕೇಳುವ ಹಾಗೆ ಬೈದಿದ್ದಾರೆ."

"ನೀನು ಕುಡಿದಿಯಾ?"

"ಇಲ್ಲ, ಬಸುರಿಯಲ್ವಾ ನಾನು? ಅವರು ಒಂದು ಲೋಟ ಪೂರ್ತಿ ಕುಡಿದರು. ಈ ಸಲ ಕಹಿ ಜಾಸ್ತಿ ಉಂಟು ಅಂತ ಹೇಳಿದ್ರು."

ಒಳಗೆ ಓಡಿದೆ. "ಸರ್, ಟೆಟನಸ್ ಅಲ್ಲ ಅಂತ ಕಾಣ್ತದೆ. ಇವತ್ತು ಪಾಲೆ ಕೆತ್ತೆ ಕುಡಿಯುವ ದಿನ. ಮರ ತಪ್ಪಿದೆ. ಕಾಸರಕ ಆಗಿರಬೇಕು, ವಿಷದ ಮರ."

ಒಂದು ಕ್ಷಣ ನನ್ನ ಮುಖ ನೋಡಿದರು. "ಸ್ಟ್ರಿಕ್ನಿನ್ ವಿಷ" ಎಂದರು, ಸ್ವರ ತಗ್ಗಿಸಿ. ಆಮೇಲೆ ಎಲ್ಲ ಬೇಗ ಬೇಗ. ಸೆಳೆತಕ್ಕೆ ಕಾಂಪೋಸ್ ಇಂಜೆಕ್ಷನ್, ಕತ್ತಲೆ ಕೋಣೆ, ಬಾಗಿಲಿಗೆ ಕಂಬಳಿ. ಸದ್ದಾದರೆ ಮತ್ತೆ ಸೆಳೆತ, ಯಾರೂ ಮಾತಾಡುವ ಹಾಗಿಲ್ಲ.

ಯಾರೂ ಕೆತ್ತೆ ಕುಡಿಯಬಾರದು ಎಂದು ಓಣಿಯ ಅಂಗಡಿಗೆ ಫೋನ್ ಮಾಡಿದೆ. ಅಬ್ದುಲ್ ರಹ್ಮಾನ್ ಅಂಗಡಿ ತೆರೆದೇ ಬಿಟ್ಟು ಮನೆಮನೆಗೆ ಓಡಿದರಂತೆ. ಆರು ಮನೆಯವರು ಆಗಲೇ ಕುಡಿದಾಗಿತ್ತು, ಅವರಿಗೆ ಏನೂ ಆಗಲಿಲ್ಲ. ದೇವರು ದೊಡ್ಡವನು.

ಬಂದು ನನ್ನ ಕೆತ್ತೆ ನೋಡಿದೆ. ಪಾಲೆಯಾದರೆ ಅಂಚಿನಲ್ಲಿ ಹಾಲು ಒಸರಿ ಅಂಟಂಟಾಗಿರಬೇಕು. ಇಲ್ಲ. ನನ್ನ ಪಾಲೂ ಅದೇ ಮರದ್ದು.

೯-೮-೮೩

ನಿತ್ಯಾನಂದರ ಸೆಳೆತ ನಿಂತಿದೆ. ಬೆಳಿಗ್ಗೆ ನೀರು ಕೇಳಿದರು.

"ಯಾರು ಕೊಟ್ಟದ್ದು ಸಿಸ್ಟರ್? ಪೊಲೀಸರಿಗೆ ಬರೆಯಬೇಕಾಗುತ್ತದೆ" ಎಂದರು ಡಾಕ್ಟರು.

"ಗೊತ್ತಿಲ್ಲ ಸರ್."

ಹದಿನಾಲ್ಕು ವರ್ಷದ ಸರ್ವಿಸಿನಲ್ಲಿ ಕೇಸ್ ಶೀಟಿನ ಮುಂದೆ ನಿಂತು ಹೇಳಿದ ಮೊದಲ ಸುಳ್ಳು.

೧೧-೮-೮೩, ಗುರುವಾರ

ರೌಂಡ್ಸಿನ ಹೊತ್ತಿಗೆ ಸಂಕಪ್ಪಣ್ಣ ವಾರ್ಡಿಗೆ ಬಂದರು. ಒಂದು ಕೈ ಗೋಡೆಯ ಮೇಲೆ. ಸೀದಾ ಎಂಟನೇ ಮಂಚಕ್ಕೆ ಹೋಗಿ ಕೈಮುಗಿದು ನಿಂತರು.

"ನಿತ್ಯಾನಂದ, ನಿನ್ನನ್ನು ನಾನು ಕೊಂದೇ ಬಿಡ್ತಿದ್ದೆ ಮಾರಾಯ. ನನ್ನ ಮರವನ್ನು ಯಾರೋ ಮೊದಲೇ ಸುಲಿದಿದ್ದರು. ಆರು ಪಾಲು ಮಾತ್ರ ಸಿಕ್ಕಿತು. ಉಳಿದದ್ದಕ್ಕೆ ಪಕ್ಕದ ಮರ..."

ಎಂಟನೇ ಮಂಚದಲ್ಲಿ ಇದ್ದದ್ದು ಯಾರೋ ಕೂಳೂರಿನವರು. ನಿತ್ಯಾನಂದರು ಹತ್ತರಲ್ಲಿ.

ಆಗ ಅರ್ಥವಾಯಿತು. ಗೇಟಿನಲ್ಲಿ ಅವರು ಅಮ್ಮನನ್ನು ನೆನೆಸಿಕೊಂಡದ್ದಲ್ಲ. ಅವರಿಗೆ ನಾನು ಕಾಣಲೇ ಇಲ್ಲ. ಗೇಟಿನಲ್ಲೊಂದು ನೆರಳು, ಬಾಯಿಗೆ ಬಂದ ಹಳೆಯ ಹೆಸರು. ನಾನು ನರ್ಸ್. ದಿನಕ್ಕೆ ಎಷ್ಟು ಕಣ್ಣಿಗೆ ಟಾರ್ಚ್ ಬಿಟ್ಟು ನೋಡುತ್ತೇನೆ. ಆ ಕಣ್ಣನ್ನು ನೋಡಲಿಲ್ಲ. ಅಮ್ಮನ ಹೆಸರು ಕೇಳಿ ಖುಷಿಪಟ್ಟು ಒಳಗೆ ಬಂದೆ.

ಎಲ್ಲ ಕೇಳಿಸಿಕೊಂಡ ಡಾ. ಒಸ್ವಾಲ್ಡ್ ಬೈಯುತ್ತಾರೆ ಅಂದುಕೊಂಡೆ. ಟಾರ್ಚ್ ತೆಗೆದರು. "ಎರಡೂ ಕಣ್ಣಿಗೆ ಪೊರೆ. ಎಷ್ಟು ಸಮಯ ಆಯಿತು ಅಜ್ಜ?"

"ಎರಡು ವರ್ಷ. ಮರ ಕೈಗೆ ಗೊತ್ತುಂಟಲ್ಲ ಅಂತ..."

ಹತ್ತನೇ ಮಂಚದಿಂದ ನಿತ್ಯಾನಂದರು ಗೊಗ್ಗರು ಸ್ವರದಲ್ಲಿ ಹೇಳಿದರು, "ನಾನೇ ಹೇಳಿ ತರಿಸಿದ್ದು ಡಾಕ್ಟ್ರೆ. ಹಾಗೇ ಬರ್ಕೊಳ್ಳಿ."

ಡಾಕ್ಟರು ಆಕಸ್ಮಿಕ ಎಂದು ಬರೆದರು. ಮೊನ್ನೆಯ ಸುಳ್ಳನ್ನು ಅವರ ರೂಮಿಗೆ ಹೋಗಿ ಒಪ್ಪಿಕೊಂಡೆ, ಕುಶಲಾ ಯಾಕೆ ಮುಚ್ಚಿಟ್ಟಳು ಎಂದೂ ಹೇಳಿದೆ. "ನಾನು ಬೈಯದೆ ಇದ್ದಿದ್ದರೆ ಆಕೆ ಮೊದಲೇ ಹೇಳುತ್ತಿದ್ದಳು, ಅಲ್ಲವಾ?" ಎಂದರು.

೧೬-೧೧-೮೩

ಮೂರು ತಿಂಗಳು ಬೇಡಿಕೊಂಡದ್ದಕ್ಕೆ ಸಂಕಪ್ಪಣ್ಣ ಒಪ್ಪಿದ್ದು. ಬಲಗಣ್ಣಿನ ಆಪರೇಷನ್ ಆಯಿತು. ಆಗಸ್ಟಿನಿಂದ ಮನೆಯ ಮೆಟ್ಟಿಲು ಇಳಿದವರಲ್ಲ. ನಿತ್ಯಾನಂದರು ಓಣಿಯಲ್ಲಿ ಹೋಗುವಾಗ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ ಎಂದು ಸಂಕಪ್ಪಣ್ಣನ ಮಗಳು ಗುಣವತಿ ಹೇಳಿದಳು.

೨-೧-೮೪

ಸಂಕಪ್ಪಣ್ಣನಿಗೆ ದಪ್ಪ ಕನ್ನಡಕ ಬಂತು. ಹಾಕಿಕೊಂಡು ನನ್ನನ್ನು ಬಹಳ ಹೊತ್ತು ನೋಡಿದರು. "ನಿನ್ನ ಮುಖ ಅಪ್ಪನ ಹಾಗೆ ಉಂಟು, ಹೆಲನ್" ಎಂದರು. ನಗು ಬಂತು. ಸ್ವಲ್ಪ ಬೇಸರವೂ.

೨೭-೭-೮೪, ಶುಕ್ರವಾರ

ವಾರ್ಡಿನ ಕೇಸ್ ಶೀಟಿನಲ್ಲಿ ಈಗ ಒಂದು ಸಾಲು ಜಾಸ್ತಿ ಇದೆ, 'ಮನೆಮದ್ದು ಏನಾದರೂ?' ಅಂತ. ಬೈಯದೆ ಕೇಳಬೇಕು ಎಂದು ಡಾಕ್ಟರ ಆರ್ಡರ್. ಅವರಿಗೂ ಸೇರಿ.

ನಾಳೆ ಅಮಾವಾಸ್ಯೆ. ಓಣಿಯಲ್ಲಿ ಯಾರೂ ಕೆತ್ತೆಯ ಮಾತು ಎತ್ತುತ್ತಿಲ್ಲ. ಮಧ್ಯಾಹ್ನ ನಾನೇ ಹೋಗಿ ಸಂಕಪ್ಪಣ್ಣನನ್ನು ಎಬ್ಬಿಸಿದೆ. ಬಸ್ಸಿನಲ್ಲಿ ಕೂಳೂರು ದಾಟಿ ಗುಡ್ಡಕ್ಕೆ ಹೋದೆವು. ಪಾಲೆ, ಕಾಸರಕ ಎರಡು ಮರಗಳ ನಡುವೆ ನಾಲ್ಕು ಹೆಜ್ಜೆ ಇಲ್ಲ! ಪಾಲೆಗೆ ಒಂದೇ ಕಡೆ ಏಳೇಳು ಎಲೆ, ಕೊಡೆಯ ಹಾಗೆ. ಎಲೆ ಚಿವುಟಿಸಿದರು. ಬಿಳಿ ಹಾಲು ಬೆರಳಿಗೆ ಅಂಟಿತು. "ಕಂಡದ್ದು ಸಾಲದು. ಹಾಲು ಬಂದರೆ ಮಾತ್ರ ಕಲ್ಲು ಎತ್ತು" ಎಂದರು.

ಹೆಂಗಸು, ಅದೂ ಕ್ರಿಸ್ತುವಳು, ಕೆತ್ತೆ ತೆಗೆಯಬಹುದಾ ಎಂದು ಕೇಳಿದೆ.

"ಮರ ಕೇಳ್ತದಾ?" ಎಂದರು.

೨೮-೭-೮೪, ಶನಿವಾರ. ಬೆಳಿಗ್ಗೆ ೯

ಅಡುಗೆಮನೆಯಲ್ಲಿ ನಿಂತೇ ಬರೆಯುತ್ತಿದ್ದೇನೆ. ಗಂಜಿ ಬೇಯುತ್ತಿದೆ. ಡ್ಯೂಟಿಗೆ ರಜೆ.

ಗುಣವತಿಯನ್ನೂ ಕರೆದುಕೊಂಡು ಮೂವರೂ ಹೋದದ್ದು. ಕಲ್ಲು ಎತ್ತಿದ್ದು ನಾನು. ಮೊದಲ ಲೋಟ ನಾನು ಕುಡಿದೆ, ಎರಡನೆಯದು ಸಂಕಪ್ಪಣ್ಣ. ಅದೇ ಕಹಿ. ಕಣ್ಣಲ್ಲಿ ನೀರು ಬಂತು, ಕಹಿಗೋ ಏನೋ. ಓಣಿಯವರಿಗೆ ಕೊಡುವ ಮೊದಲು ಒಂದು ಗಂಟೆ ಇಬ್ಬರೂ ಜಗಲಿಯಲ್ಲಿ ಕಾದೆವು. ಏನೂ ಆಗಲಿಲ್ಲ.

ಓಣಿಯವರು ಒಬ್ಬೊಬ್ಬರೇ ಬಂದರು. ಕೆಲವರು ಬರಲಿಲ್ಲ. ಅವರದ್ದು ತಪ್ಪಲ್ಲ.

ಈಗ ಕುಶಲಾ ಬಂದಿದ್ದಾಳೆ, ಕಂಕುಳಲ್ಲಿ ಮಗು. ಹಿಂದೆ ನಿತ್ಯಾನಂದರು. ಸಂಕಪ್ಪಣ್ಣ ಎದ್ದು ಹೋಗಲು ನೋಡಿದರು. ನಿತ್ಯಾನಂದರು ಅವರ ಭುಜ ಅದುಮಿ ಕೂರಿಸಿ ಪಕ್ಕದಲ್ಲೇ ಕುಳಿತರು.

"ನನ್ನದೆಲ್ಲಿ?" ಎಂದು ಕೇಳುವುದು ಇಲ್ಲಿಗೆ ಕೇಳಿಸುತ್ತಿದೆ.

ಲೋಟ ನಾನು ಕೊಡುವುದಾ, ಸಂಕಪ್ಪಣ್ಣನ ಕೈಯಲ್ಲೇ ಕೊಡಿಸುವುದಾ... ಅವರ ಕೈಯಲ್ಲೇ. ಕರೆಯುತ್ತಿದ್ದಾರೆ, ಹೋಗಬೇಕು.