ಚಟ್ಲಿ ಇತ್ತಾ?

ಮೇ ೩, ಬೆಳಿಗ್ಗೆ

ಬಂಗಡೆ ಮೀನು ಒಣಗಲು ಹರಡಿ ಬಂದೆ. ಬಿಸಿಲು ಚೆನ್ನಾಗಿದೆ. ಮಳೆ ಹಿಡಿಯುವ ಮೊದಲು ಗೋಡೌನ್ ಖಾಲಿ ಆಗಲೇಬೇಕು. ತೇವ ತಗುಲಿದರೆ ವರ್ಷದ ದುಡಿಮೆಗೆ ಹುಳ.

ಹೊಸ ವೆಬ್‌ಸೈಟ್ ಇವತ್ತು ಶುರು. ತಮ್ಮನ ಮಗಳು ನವ್ಯಶ್ರೀಯ ಕೆಲಸ, ಬ್ರಹ್ಮಾವರದಲ್ಲಿ ಅವಳ ಆಫೀಸು. ನಮ್ಮ ಒಣಮೀನಿನ ಅಂಗಡಿಗೆ ಇದು ಮೂರನೆಯದು. ಮೊದಲನೆಯದು ಇವರು ಇದ್ದಾಗ ಮಾಡಿಸಿದ್ದು, ಬರೀ ಮರ್ಯಾದೆಗೆ — ಗಣಪತಿ ಚಿತ್ರ, ಬಾಗಿಲಲ್ಲಿ ಶರ್ಟಿನ ಗುಂಡಿ ಪೂರ್ತಿ ಹಾಕಿ ನಿಂತ ಇವರು. ಮುಂಬೈಯ ನೆಂಟರಿಗೆ ತೋರಿಸಿದ್ದೇ ತೋರಿಸಿದ್ದು. ಎರಡನೆಯದು ಫೋನ್ ನಂಬರಿಗೆ, ನಮ್ಮೂರು ನಾವುಂದಕ್ಕೆ ಬರುವ ದಾರಿಗೆ. ಈಗಿನದು ತಾನೇ ಮಾತಾಡಿ ತಾನೇ ಆರ್ಡರ್ ತೆಗೆದುಕೊಳ್ಳುತ್ತದಂತೆ! ಚಟ್ಲಿಯನ್ನು "ಒಣ ಸಿಗಡಿ" ಅಂತ ಬರೆದಿದ್ದಾಳೆ. ಪಟ್ಟಣದವರಿಗೆ.

"ಅತ್ತೆ, ಇನ್ ನೀವ್ ಫೋನ್ ಎತ್ತುದೇ ಬ್ಯಾಡ."

ಮತ್ತೆ ನಾನು ಎಂತ ಮಾಡುವುದು?

ಮೇ ೧೧

ಮುಂಬೈಯಿಂದ ಒಂದೂ ಆರ್ಡರ್ ಇಲ್ಲ. ಮೇ ತಿಂಗಳಲ್ಲಿ! ಚೀಲಗಳು ಬಾಗಿಲವರೆಗೆ ಬಂದಿವೆ.

ಮೇ ೧೨, ಮಧ್ಯಾಹ್ನ

ಮುಂಬೈಯ ಘಾಟ್ಕೋಪರಿನಿಂದ ದುಗ್ಗಪ್ಪನ ಫೋನ್. ಹೋಟೆಲಿನವ, ನಮ್ಮ ಹಳೇ ಗಿರಾಕಿ.

"ಹ್ವಾಯ್ ಜಲಜಕ್ಕ, ಅಂಗ್ಡಿ ಮುಚ್ಚಿದ್ರಿಯಾ ಎಂತ? ಚಟ್ಲಿ ಇತ್ತಾ ಅಂದ್ ಕೇಂಡ್ರೆ ನಿಮ್ಮ ವೆಬ್‌ಸೈಟ್ ಎಂತ ಹೇಳ್ತ್ ಗೊತ್ತಿತ್ತಾ? 'ಹೌದು, ಇತ್ತು. ಈಗ ಇಲ್ಲ'!"

ಚಟ್ಲಿ ಚೀಲಕ್ಕೆ ಒರಗಿಕೊಂಡೇ ಕೇಳಿಸಿಕೊಂಡೆ.

ನಮ್ಮ ಬಾಯಲ್ಲಿ "ಇತ್ತ್" ಅಂದರೆ ಇದೆ. ಅದು ಪುಸ್ತಕದ ಕನ್ನಡ ಕಲಿತ ಯಂತ್ರ. ಹಿಂದೆ ಇತ್ತು, ಈಗಿಲ್ಲ ಅಂದುಕೊಂಡಿದೆ. ಮುಂಬೈಯಲ್ಲಿರುವ ನಮ್ಮ ಊರಿನವರು ಯಾರು ಕೇಳಿದರೂ ಇದೇ ಉತ್ತರ ಕೊಟ್ಟು ಕಳಿಸಿದೆ. ಇದಕ್ಕಿಂತ ಗಣಪತಿ ಚಿತ್ರವೇ ವಾಸಿ...

ಮೇ ೧೩

ನವ್ಯಶ್ರೀಗೆ ಬೈದೆ. ನಗುತ್ತಾಳೆ.

"ಅದಕ್ಕ್ ಕಲ್ಸುಕ್ ಆತ್ತ್ ಅತ್ತೆ. ನೀವ್ ಮಾತಾಡ್ದಂಗೇ ಬರ್ದ್ ಕಳ್ಸಿ."

ಏಳನೇ ಕ್ಲಾಸ್ ದಾಟದವಳು ಯಂತ್ರಕ್ಕೆ ಟೀಚರ್! ಬರೆದೆ. ಇತ್ತ್ — ಇದೆ. ಬತ್ತೆ — ಬರುತ್ತೇನೆ. ಇದ್ರ್ — ಇದ್ದಾರೆ. ಬರೆದು ತಲೆ ಎತ್ತುವಷ್ಟರಲ್ಲಿ ಬಂಗಡೆಯ ಮೇಲೆ ಕಾಗೆಗಳ ಸಭೆ.

ಮೇ ೨೬

ಬರೆಯಲು ಪುರುಸೊತ್ತಿರಲಿಲ್ಲ. ಪ್ಯಾಕಿಂಗ್, ಪ್ಯಾಕಿಂಗ್. ಚಟ್ಲಿ ಮುಗಿಯಿತು. ಬಂಗಡೆ ನಾಲ್ಕೇ ಚೀಲ. ಬೆಳಿಗ್ಗೆ ಎರಡು ಹನಿ ಬಿತ್ತು — ಬೀಳಲಿ.

ಯಂತ್ರ ಈಗ ಗಿರಾಕಿಗಳಿಗೆ ನಮ್ಮ ಹಾಗೇ "ಹ್ವಾಯ್" ಅನ್ನುತ್ತದೆ. ಯಾರೂ ನನ್ನನ್ನು ಕೇಳುವುದಿಲ್ಲ. ಕಲಿಸಿದ್ದು ನಾನೇ, ಬೈಯುವುದು ಯಾರಿಗೆ?

ಮೇ ೨೯, ಸಂಜೆ

ಯಂತ್ರ ಯಾರ ಹತ್ತಿರ ಎಂತ ಮಾತಾಡಿದೆ ಅಂತ ಮೊಬೈಲಿನಲ್ಲಿ ನೋಡುತ್ತಿದ್ದೆ. ಪುಣೆಯವರೊಬ್ಬರು, ಬಹಳ ಹಿಂದಿನ ಗಿರಾಕಿ.

"ಚಂದ್ರಣ್ಣ ಇದ್ರಾ?"

ಇವರನ್ನೇ ಕೇಳಿದ್ದು. ತೀರಿಕೊಂಡು ಎರಡು ಮಳೆಗಾಲ ಆಯಿತು. ಪಾಪ, ಅವರಿಗೆ ಸುದ್ದಿ ಮುಟ್ಟಿಲ್ಲ. ಕೆಳಗೆ ಯಂತ್ರದ ಉತ್ತರ:

"ಹ್ವಾಯ್, ಇದ್ರ್. ಎಂತ ಬೇಕಿತ್ತ್?"

ಸಿಟ್ಟು ನೆತ್ತಿಗೇರಿತು. ನವ್ಯಶ್ರೀಗೆ ಫೋನ್ ಮಾಡಿದೆ. ಅವಳು ಈ ಸಲ ನಗಲಿಲ್ಲ.

"ಈಗ್ಳೇ ಸರಿ ಮಾಡ್ತೆ ಅತ್ತೆ. ಚಂದ್ರ ಮಾವನ್ನ ಕೇಂಡ್ರೆ ಎಂತ ಹೇಳ್ಕ್ ಅಂದ್ ಬರ್ದ್ ಕಳ್ಸಿ."

ಪುಣೆಯವರಿಗೆ ನಾನೇ ಫೋನ್ ಮಾಡಿ ಹೇಳಿದೆ. ಅದು ಕಷ್ಟ ಆಗಲಿಲ್ಲ. ಯಂತ್ರಕ್ಕೆ ಬರೆಯುವುದೇ... ಒಂದೇ ಸಾಲು. ಆಗಿನಿಂದ ಕೂತಿದ್ದೇನೆ.

ಚಂದ್ರಣ್ಣ —