ವಿಧೇಯಳೇ ನಾನು

ಜೂನ್ 3, ಸೋಮವಾರ, ಬೆಳಿಗ್ಗೆ

ಕಾಫಿಗೂ ಮುಂಚೆ ಕುಟುಂಬ ಪ್ರಾರ್ಥನೆ. ಓದುವ ಸರದಿ ಹೊಸ ಸೊಸೆಯದು. ನಾನೋ ಇಂಗ್ಲಿಷ್ ಮೀಡಿಯಂ! ಕನ್ನಡವನ್ನು ಅಕ್ಷರ ಕೂಡಿಸಿಕೊಂಡೇ ಓದಬೇಕು. ಇವರು ಬೇರೆ ಪಕ್ಕದಲ್ಲೇ ಕೂತು ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿಕೊಂಡಿದ್ದರು... ಗಮನ ಎಲ್ಲಿರುತ್ತದೆ? ಪುಸ್ತಕದಲ್ಲಿದ್ದದ್ದು "ಕರ್ತನೇ, ನನ್ನನ್ನು ವಿಧೇಯಳನ್ನಾಗಿ ಮಾಡು." ಓದಿದ್ದು— "ವಿಧವೆಯನ್ನಾಗಿ ಮಾಡು!"

ಮಾವ ಕಣ್ಣು ಮುಚ್ಚಿಕೊಂಡೇ "ಆಮೆನ್" ಅಂದುಬಿಟ್ಟರು.

"ಬಿಡ್ತು ಅನ್ನೇ!" ಅತ್ತೆ ಕಿರುಚಿದರು.

"ನಾನಿನ್ನೂ ಉಸಿರಾಡ್ತಿದೀನಿ ಕಣೇ" ಅಂದರು ಇವರು. ಓ ನನ್ನ ಬಂಗಾರ!

ಅಕ್ಕ ಬಿದ್ದು ಬಿದ್ದು ನಕ್ಕರು. ಅಕ್ಕ ಅಂದರೆ ನನ್ನ ಓರಗಿತ್ತಿ. ಭಾವ ತೀರಿಕೊಂಡು ನಾಲ್ಕು ವರ್ಷ. ಅವರ ನಗು ಇದೇ ಮೊದಲು ನೋಡಿದ್ದು.

"ನಿನಗೇನಮ್ಮ ಅಷ್ಟೊಂದು ನಗು?" ಅಂದರು ಅತ್ತೆ.

ನಗು ನಿಂತೇ ಹೋಯಿತು.

ಜೂನ್ 9, ಭಾನುವಾರ

ಪಾತ್ರೆ ತೊಳೆಯುತ್ತಾ ಅಕ್ಕ ಹೇಳಿದರು. ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ ಅಣ್ಣ ಅವರನ್ನು ಮದುವೆಯಾಗುತ್ತಾರಂತೆ! ಖುಷಿಗೆ ಸೋಪು ಕೈಯಲ್ಲೇ ತಬ್ಬಿಕೊಂಡೆ. ಆದರೆ ಮಾವ ಒಪ್ಪುತ್ತಿಲ್ಲ. ನಮ್ಮ ಚರ್ಚಿನ ಪಾಸ್ಟರ್ ಮಾವನ ಗೆಳೆಯರು, ಅವರೂ ಜಾರಿಕೊಂಡರು. ಪಕ್ಕದ ಊರಿನ ಪಾಸ್ಟರ್ ಮದುವೆ ಮಾಡಿಸುತ್ತಾರಂತೆ, 22ಕ್ಕೆ. ಹೆಣ್ಣಿನ ಕಡೆಯಿಂದ ಒಬ್ಬ ಸಾಕ್ಷಿ ಬೇಕು.

"ನೀನು ಬರ್ತೀಯಾ? ಬೇರೆ ಯಾರಿದಾರೆ ನಂಗೆ?"

ಬರುತ್ತೇನೆ ಅಂದೆ. ಆಮೇಲೆ ಮಾವನ ಮುಖ ನೆನಪಾಯಿತು.

ಜೂನ್ 10

ಮಾವನಿಗೆ ನಾನೇ ಹೇಳಿದೆ. ಕದ್ದು ಹೋಗಲು ಇಷ್ಟವಿಲ್ಲ.

"ಅವಳು ಈ ಮನೆ ಸೊಸೆ. ವಿಧೇಯಳಾಗಿ ಬಿದ್ದಿರಲಿ."

ಓಹೋ! ಅಂದರೆ ಅವತ್ತು ನಾನು ಓದಿದ್ದು ಅಷ್ಟೇನೂ ತಪ್ಪಲ್ಲ. ಅಕ್ಕನ ವಿಷಯಕ್ಕೆ ಬಂದರೆ ಈ ಮನೆಯಲ್ಲಿ ಎರಡೂ ಪದಕ್ಕೆ ಅರ್ಥ ಒಂದೇ.

"ಗಂಡ ಹೋದವಳು ಮತ್ತೆ ಮದುವೆ ಆಗಬಹುದು ಅಂತ ಬೈಬಲ್ ವಾಕ್ಯದಲ್ಲೇ ಇದೆ ಮಾವ."

"ಹಿರಿಯರ ಮಾತು ಕೇಳೋದೇ ದೇವರ ಮಾತು ಕೇಳೋದು."

"ದೇವರೇ ಬಿಡುಗಡೆ ಮಾಡಿದವಳನ್ನ ನೀವು ಕಟ್ಟಿಹಾಕಿದ್ರೆ ಯಾರ ಮಾತು ಕೇಳ್ಲಿ?"

"ಹೋದರೆ ಮತ್ತೆ ಈ ಹೊಸಲು ತುಳೀಬೇಡ."

ನನ್ನ ಹೊಸ ಪರದೆಗಳು. ಇವರ ರೂಮು. ಮದುವೆಯಾಗಿ ಇನ್ನೂ ಎರಡು ತಿಂಗಳೂ ಆಗಿಲ್ಲ...

ಜೂನ್ 12

ಇವರು: "ಅಪ್ಪನ ಎದುರು ನನ್ನ ನಾಲಿಗೇನೇ ಏಳಲ್ಲ ಚಿನ್ನ. ನೀನೂ ಸುಮ್ಮನಿರು."

ನಾನು: "ನಿಮಗೋಸ್ಕರ ಏನು ಬೇಕಾದ್ರೂ ಮಾಡ್ತೀನಿ. ಇದೊಂದನ್ನ ಬಿಟ್ಟು."

ಮೊದಲ ಜಗಳ. ಅತ್ತುಬಿಟ್ಟೆ. ಪ್ರಾರ್ಥಿಸಿದೆ: ಕರ್ತನೇ, ನನ್ನ ಮನಸ್ಸು ಬದಲಾಯಿಸುವುದಾದರೆ ಈಗಲೇ ಬದಲಾಯಿಸು. ಬದಲಾಯಿಸಲಿಲ್ಲ. ಸರಿ. ನಿನ್ನ ಮಾತೇ ಕೇಳುತ್ತೇನೆ, ಆಮೇಲೆ ನನ್ನನ್ನು ದೂರಬೇಡ!

ಜೂನ್ 22, ಶನಿವಾರ, ಬೆಳಿಗ್ಗೆ

ನೀಲಿ ಸೀರೆ ಉಟ್ಟು ರೆಡಿ. ಬಟ್ಟೆ ಬ್ಯಾಗೂ ರೆಡಿ. ಅಕ್ಕ ಗೇಟಿನ ಹತ್ತಿರ. ಮಾವ ಬಾಗಿಲಲ್ಲೇ ಕುರ್ಚಿ ಹಾಕಿ ಕೂತಿದ್ದಾರೆ. ದಾಟಿಯೇ ಹೋಗಬೇಕು. ದಾಟುತ್ತೇನೆ. ಇವರು ಇನ್ನೂ ರೂಮಿನಿಂದ ಹೊರಗೇ ಬಂದಿಲ್ಲ—

ರೂಮಿನಿಂದ ಕೂಗು! "ಲೇ, ನನ್ನ ಇನ್ನೊಂದು ಶೂ ಎಲ್ಲಿ? ಲೇಟಾಗ್ತಿದೆ, ಅತ್ತಿಗೆ ಕಾಯ್ತಿದಾರೆ!"

ಮಾವ ಎದ್ದು ನಿಂತರು. ನಿಲ್ಲಲಿ. ಶೂ ಮಂಚದ ಕೆಳಗೇ ಇರಬೇಕು ರೀ, ಬಂದೆ—